ಅವ್ವನ ಕೈಯ ಹಸಿರು ಬಳೆ

ನನ್ನ ಅತ್ತಿಗೆ ಅಮೃತಾ ಸರ್ಜನ್ ಆಗಲು ಓದುತ್ತಿದ್ದಾಳೆ. ಅಣ್ಣ ಬಸವೇಶನದು ಹರಪನಹಳ್ಳಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಅವಳು ಪಟ್ಟಣದ ಆಸ್ಪತ್ರೆಯಲ್ಲಿ. ಓದು ಮುಗಿಯಲಿ ಎಂದು ಇಬ್ಬರೂ ಕೂಸಿನ ಮಾತನ್ನು ಮುಂದೂಡುತ್ತಲೇ ಬಂದರು. ಅವಳಿಗೆ ಮೂವತ್ತೆರಡಾಯಿತು. ಇನ್ನು ತಡ ಬೇಡ ಎಂದು ಅವಳೇ ಹೇಳಿದಳು, ಬಸುರಾದಳು. ಆಸ್ಪತ್ರೆಯಲ್ಲಿ ಮಾತ್ರ ಯಾರಿಗೂ ಬಾಯಿ ಬಿಡಲಿಲ್ಲ.

ಕಾರಣವಿತ್ತು. ಅವಳ ಸೀನಿಯರ್ ಅಸ್ಮಾ ಬಸುರಿ ಎಂದು ತಿಳಿದ ದಿನವೇ ದೊಡ್ಡ ಡಾಕ್ಟರು ಹಾಲೇಶಪ್ಪನವರು "ನಿನ್ನ ಒಳ್ಳೇದಕ್ಕ" ಎಂದು ಅವಳನ್ನು ಆಪರೇಷನ್ ಥಿಯೇಟರಿನಿಂದ ವಾರ್ಡಿಗೆ ಕಳಿಸಿದ್ದರು. ಅಸ್ಮಾಗೆ ಡಿಗ್ರಿ ಸಿಕ್ಕಿತು, ಕೈ ಪಳಗಲಿಲ್ಲ. ಈಗ ಸೋಮವಾರ ಮೊದಲ ಸಲ ಪಿತ್ತಕೋಶದ ಆಪರೇಷನ್ನನ್ನು ತಾನೇ ಮಾಡುವ ಸರದಿ ಅಮೃತಾಳದು. ನನ್ನ ಕೇಳಿದರೆ, ಒಳ್ಳೇದು ಬಯಸುವವರ ಕಾಟ ಕೆಟ್ಟವರ ಕಾಟಕ್ಕಿಂತ ಹೆಚ್ಚು.

ಅವರಲ್ಲಿ ನಮ್ಮವ್ವ ಅನ್ನದಾನಮ್ಮನೂ ಒಬ್ಬಳು. ಭಾನುವಾರ ಕಳ್ಳ ಕುಬುಸ ಇಟ್ಟುಕೊಂಡಳು. ನಮ್ಮ ಕಡೆ ಊರಿಗೆ ಸುದ್ದಿಯಾಗುವ ಮೊದಲು ಮನೆಮಂದಿಯೇ ಬಸುರಿಗೆ ಹಸಿರು ಕುಬುಸ ತೊಡಿಸಿ, ಹಸಿರು ಬಳೆ ಇಡಿಸುತ್ತಾರೆ. ಕುಬುಸ ಹೊಲಿದವಳು ನಾನು. ಬಳೆ ಇಡಲು ಬಳೆಗಾರ್ತಿ ರೋಶನಬಿ ಬಂದಳು. ಸೊಸೆ ಕೈಯಲ್ಲಿ ಬಳೆ ಉಳಿಸಿಕೊಳ್ಳುವವಳಲ್ಲ ಎಂದು ಅವ್ವನಿಗೆ ಗೊತ್ತು. ಅದಕ್ಕೇ "ಒಂದು ಅಳತಿ ಸಣ್ಣವು ಇಡು, ಬಿಚ್ಚಾಕ ಬರಬಾರದು" ಎಂದು ಮೊದಲೇ ಹೇಳಿಟ್ಟಿದ್ದಳು. ಆಪರೇಷನ್ನಿಗೆ ಮೊಣಕೈವರೆಗೆ ತಿಕ್ಕಿ ತೊಳೆಯಬೇಕು, ಬಳೆ ಇದ್ದರೆ ಒಳಗೆ ಬಿಡುವುದಿಲ್ಲ ಎಂಬುದು ಅವಳ ಲೆಕ್ಕದಲ್ಲೇ ಇರಲಿಲ್ಲ.

ಸೋಮವಾರ ಅಣ್ಣನ ಕಾರಿನಲ್ಲಿ ಅಮೃತಾಳ ಜೊತೆ ಅವ್ವ, ನಾನೂ ಹೊರಟೆವು. ಅವ್ವನ ನೆಪ ಸಕ್ಕರೆ ಕಾಯಿಲೆ. ನಿಜವಾಗಿ ಸೊಸೆಯನ್ನು ಕಾಯುವುದು. ಅಮೃತಾ ಸೋಪು ಹಚ್ಚಿ ಹಚ್ಚಿ ಸೋತಿದ್ದಳು. ಥಿಯೇಟರಿನ ಹೊರಗೆ ನಿಂತು ಅಂದಳು:

"ಅತ್ತಿ, ಇವು ಬರವಲ್ವು. ಒಡೀತೀನ್ರಿ."

ಬಸುರಿ ಹಸಿರು ಬಳೆ ಒಡೆಯುವುದೆಂದರೆ! ಅವ್ವನ ಮುಖ ಕಪ್ಪಿಟ್ಟಿತು. "ಇವತ್ತೊಂದಿನ ಬ್ಯಾರೇದೋರು ಮಾಡ್ಲಿ ಬಿಡವಾ."

"ಇವತ್ತು ಬಿಟ್ರ ಮುಂದ ಯಾರೂ ಕೊಡಂಗಿಲ್ರಿ. ನನಗ ಕೂಸೂ ಬೇಕು, ಇದೂ ಬೇಕು. ಒಂದನ್ನ ಬಿಡ್ತೀನಂತ ನಾನೇನು ಹರಕಿ ಹೊತ್ತಿಲ್ಲ."

ಅವ್ವ ರೊಟ್ಟಿ ಕಟ್ಟಿದ್ದ ಪ್ಲಾಸ್ಟಿಕ್ ಕವರ್ ಬಿಚ್ಚಿ ಸೊಸೆಯ ಕೈಗೆ ತೊಡಿಸಿ, ಒಂದೊಂದೇ ಬಳೆಯನ್ನು ಅದರ ಮೇಲೆ ಜಾರಿಸಿದಳು. ನೋವಿಗೆ ಅಮೃತಾಳ ಕಣ್ಣಲ್ಲಿ ನೀರು ಬಂತು. ಒಂದೂ ಒಡೆಯಲಿಲ್ಲ.

ಆ ಬಳೆಗಳನ್ನು ಕೆಳಗೆ ಇಡಬಾರದು, ಕೈಯಿಂದ ಕೈಗೇ ಹೋಗಬೇಕು ಎಂಬುದು ಅವ್ವನ ನಂಬಿಕೆ. ನನ್ನ ದಪ್ಪ ಕೈಗೆ ಅವು ಏರುವ ಮಾತೇ ಇಲ್ಲ. ಅವ್ವ ತನ್ನ ಸಣಕಲು ಕೈಗೇ ಹಾಕಿಕೊಂಡಳು. ಅಪ್ಪ ತೀರಿಕೊಂಡಾಗಿನಿಂದ ಬೋಳಾಗಿದ್ದ ಕೈ.

ಅಷ್ಟರಲ್ಲಿ ಹಾಲೇಶಪ್ಪನವರು ಬಂದರು. ಹಡಗಲಿ ಕಡೆಯವರು, ಅಪ್ಪನಿಗೆ ಆಪರೇಷನ್ ಮಾಡಿದವರೂ ಅವರೇ. ನಮಸ್ಕಾರಕ್ಕೆ ಎತ್ತಿದ ಕೈ ಅರ್ಧಕ್ಕೇ ನಿಂತಿತು. ವಿಧವೆಯ ಕೈಯಲ್ಲಿ ಹಸಿರು ಬಳೆ, ಪಕ್ಕದಲ್ಲಿ ಸೊಸೆಯ ಕೆಂಪಾದ ಬರಿಗೈ. ನಮ್ಮ ಸೀಮೆಯವರಿಗೆ ಇನ್ನೇನು ಬಿಡಿಸಿ ಹೇಳಬೇಕು?

"ಎಷ್ಟು ತಿಂಗಳು, ಅಮೃತಾ?"

"ಮೂರ್ರಿ ಸರ್."

"ಇವತ್ತಿಂದು ಮಾಡು. ನಾಳಿಂದ ವಾರ್ಡು. ನಿನ್ನ ಒಳ್ಳೇದಕ್ಕ ಹೇಳ್ತೀನಿ."

"ನಿಲ್ಲಾಕ ಆಗೋತನಕ ಒಳಗ ನಿಲ್ತೀನ್ರಿ ಸರ್. ಆಗದ ದಿನ ನಾನೇ ಹೇಳ್ತೀನಿ."

"ಮನಿಯಾಗ ಹಿರೇರು ಒಪ್ಪಬೇಕಲ್ಲ?" ಅವರು ಅವ್ವನ ಕಡೆ ತಿರುಗಿದರು.

ಒಂದು 'ಬ್ಯಾಡ್ರಿ' ಸಾಕಿತ್ತು. ಅವ್ವನ ಮನಸ್ಸಲ್ಲಿದ್ದದ್ದೂ ಅದೇ.

"ಆಕಿ ಒಳಗ ಇರೋತನಕ ಇವು ನನ್ನ ಕೈಯಾಗ ಇರ್ತಾವ್ರಿ," ಅಂದಳು.

ಹಾಲೇಶಪ್ಪನವರು ಇನ್ನೊಮ್ಮೆ ಆ ಬಳೆಗಳನ್ನು ನೋಡಿದರು. "ಗುರುವಾರ ಈಕಿಗೆ ಇನ್ನೊಂದು ಆಪರೇಷನ್ ಕೊಡ್ತೀನಿ. ನೀವೂ ಬರ್ರಿ, ಅನ್ನದಾನಮ್ಮಾರೆ," ಎಂದು ಒಳಗೆ ಹೋದರು.

ಅಮೃತಾ ಕೈ ತೊಳೆಯಲು ಹೋದಳು. ಅವ್ವ ಬೆಂಚಿನ ಮೇಲೆ ಕೂತಳು. ಹೋಗಿಬರುವವರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು. ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ.