ಸಾರಿಸಿದ ನೆಲ, ರಟ್ಟಿನ ಪೆಟ್ಟಿಗೆ

ಮದ್ದೂರಿನ ರಟ್ಟಿನ ಪೆಟ್ಟಿಗೆ ಶೆಡ್ಡಿನಲ್ಲಿ ತನ್ನೊಬ್ಬನ ತಲೆಯಲ್ಲಿ ಮಾತ್ರ ಮೆದುಳಿದೆ ಎಂದು ಅಲ್ಲಿನ ಮೇಸ್ತ್ರಿ ವರದರಾಜ ನಂಬಿದ್ದ. ಮುಂಬಯಿಗೆ ಹೋಗಿ ಪೆಟ್ಟಿಗೆ ಮಾಡುವುದನ್ನು ಕಲಿತು ಬಂದವನು. ಕಲಿತದ್ದು ಸುಳ್ಳಲ್ಲ, ಪಾಪ. ಎರಡು ಚಪ್ಪಟೆ ಕಾಗದಗಳ ನಡುವೆ ಅಲೆಅಲೆಯಾಗಿ ಮಡಿಸಿದ ಇನ್ನೊಂದನ್ನು ಗಂಜಿಯಲ್ಲಿ ಅಂಟಿಸಿದರೆ ಹೇಗೆ ಬಲ ಬರುತ್ತದೆ, ಆ ಅಲೆಗಳು ಪೆಟ್ಟಿಗೆಯ ಗೋಡೆಯಲ್ಲಿ ಯಾಕೆ ಕಂಬದ ಹಾಗೆ ನೆಟ್ಟಗೆ ನಿಂತಿರಬೇಕು, ಎಲ್ಲ ಗೊತ್ತಿತ್ತು. ಆದರೆ ಅದನ್ನು ಅಂಟು ಬಳಿಯುವ ಹೆಂಗಸರಿಗೆ ಹೇಳುವುದೆಂದರೆ ಅವನಿಗೆ ಮೈಲಿಗೆ. ಬಳಿ ಅಂದರೆ ಬಳಿಯಬೇಕು, ಒತ್ತು ಅಂದರೆ ಒತ್ತಬೇಕು, ಅಷ್ಟೆ.

ಬೆಸಗರಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಅಂಕಮ್ಮ ಒಮ್ಮೆ, ಸಿದ್ಧವಾದ ಪೆಟ್ಟಿಗೆಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೇ ಯಾಕಿಡಬೇಕು ಎಂದು ಕೇಳಿದ್ದಳು.

"ತಿಳ್ಕೊಂಡು ನೀನೇನು ಇಂಜಿನಿಯರ್ ಆಗ್ಬೇಕಾ? ಇಡು ಅಂದ್ರೆ ಇಡು," ಅಂದಿದ್ದ.

ಅವಳು ಕೈಯಲ್ಲಿದ್ದ ಪೆಟ್ಟಿಗೆಯನ್ನು ಹಲಗೆಯ ಮೇಲಿಟ್ಟು ಅಂಟಿನ ಡಬ್ಬದ ಕಡೆ ಹೋದಳು. ದನಗಳು ಪ್ರಶ್ನೆ ಕೇಳುವುದಿಲ್ಲ, ಇವರೂ ಕೇಳಬಾರದು ಎಂದು ಅವನು ಮಂಡ್ಯದ ಹೋಟೆಲಿನಲ್ಲಿ ಗೆಳೆಯರೆದುರು ಜಂಬ ಕೊಚ್ಚಿದ. ಇಂಥ ಮನುಷ್ಯನ ಕಾಫಿಗೆ ಸಕ್ಕರೆ ಹಾಕಿದ್ದೇ ದಂಡ.

ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ಶೆಡ್ಡಿನ ಯಜಮಾನ ಮರಿಸಿದ್ದಯ್ಯ ಒಂದು ಮಾತು ಹೇಳಿದ. ಬೆಲ್ಲದ ಅಚ್ಚುಗಳನ್ನು ಮರದ ಪೆಟ್ಟಿಗೆಯ ಬದಲು ರಟ್ಟಿನದರಲ್ಲಿ ತುಂಬಿ, ಒಂದರ ಮೇಲೊಂದು ಆಳೆತ್ತರ ಪೇರಿಸಿ ತೋರಿಸಬೇಕು. ನಿಂತರೆ, ಮಳವಳ್ಳಿಯಲ್ಲಿ ಕಟ್ಟಿಸುತ್ತಿರುವ ದೊಡ್ಡ ಕಾರ್ಖಾನೆಗೆ ವರದರಾಜನೇ ಮ್ಯಾನೇಜರು. ವರದರಾಜ ಆಗಲೇ ಕನಸಿನಲ್ಲಿ ಮ್ಯಾನೇಜರ ಕುರ್ಚಿಯಲ್ಲಿ ಕೂತಾಗಿತ್ತು.

ಯಜಮಾನರು ನೋಡಲು ಬರುವ ದಿನದ ಹಿಂದಿನ ಸಂಜೆಯೇ ಪೇರಿಸಿಡಿ ಎಂದು ಹೆಂಗಸರಿಗೆ ಅಪ್ಪಣೆ ಕೊಟ್ಟು ಮಂಡ್ಯಕ್ಕೆ ಹೋದ. ಯಜಮಾನರು ಬರುತ್ತಾರೆ ಅಂದಮೇಲೆ ಹೆಂಗಸರು ಸುಮ್ಮನಿದ್ದಾರೆಯೇ? ಧೂಳು ಹಿಡಿದ ಹಲಗೆಗಳನ್ನು ಹಿತ್ತಲಿಗೆ ಎಳೆದುಹಾಕಿ, ಮಣ್ಣಿನ ನೆಲಕ್ಕೆ ಸೆಗಣಿ ಸಾರಿಸಿ, ಅಂಚಿಗೆ ರಂಗೋಲಿ ಬಿಟ್ಟು, ಇನ್ನೂ ಹಸಿಯಾಗಿದ್ದ ನೆಲದ ಮೇಲೆ ಬೆಲ್ಲ ತುಂಬಿದ ಪೆಟ್ಟಿಗೆಗಳನ್ನು ದೇವರ ಹಾಗೆ ಕೂರಿಸಿದರು. ಇಷ್ಟು ಗಟ್ಟಿ ಪೆಟ್ಟಿಗೆಯನ್ನು ಅಷ್ಟಿಷ್ಟು ತೇವ ಏನು ಮಾಡೀತು ಎಂದುಕೊಂಡರು.

ಮಾರನೆಯ ಬೆಳಿಗ್ಗೆ ವರದರಾಜ ಯಜಮಾನರನ್ನು ಕರೆತಂದು ಬಾಗಿಲು ತೆಗೆದಾಗ ತಳದ ಪೆಟ್ಟಿಗೆ ತೇವ ಹೀರಿ ಮಂಡಿಯೂರಿತ್ತು. ಮೇಲಿನವೆಲ್ಲ ಉರುಳಿ, ಬೆಲ್ಲ ರಂಗೋಲಿಯ ತುಂಬ ಚೆಲ್ಲಿ, ಇರುವೆಗಳಿಗೆ ಹಬ್ಬವಾಗಿತ್ತು.

ವರದರಾಜ ಹೆಂಗಸರ ಮೇಲೆ ಹರಿಹಾಯ್ದ. ತೇವ ತಗುಲಿದರೆ ಗಂಜಿಯ ಅಂಟು ಬಿಡುತ್ತದೆ, ಒಳಗಿನ ಅಲೆ ಕುಸಿಯುತ್ತದೆ, ಹಲಗೆ ಇದ್ದದ್ದೇ ಅದಕ್ಕೆ ಎಂದು ಒಂದೇ ಉಸಿರಿಗೆ ಒದರಿದ. ಆ ಶೆಡ್ಡಿನಲ್ಲಿ ಅವನು ಮಾಡಿದ ಮೊದಲ ಪಾಠ ಅದು.

ಮರಿಸಿದ್ದಯ್ಯ ಅಂಕಮ್ಮನ ಕಡೆ ತಿರುಗಿದ. "ಇದ್ನ ಮೊದ್ಲೇ ನಿಮ್ಗೆ ಯೋಳಿದ್ರಾ?"

"ಕೇಳಿದ್ದೆ ಬುದ್ಧಿ. ಇಂಜಿನಿಯರ್ ಆಗ್ಬೇಕಾ ಅಂದ್ರು."

"ಹೇಳಿದ್ರೆ ಅರ್ಥ ಆಗೋ ಜನಾನಾ ಇವರು?" ಅಂದ ವರದರಾಜ. ಆಗಲಾದರೂ ನಾಲಿಗೆ ಬಿಗಿಹಿಡಿಯಲಿಲ್ಲ ಮುಟ್ಠಾಳ.

"ನೀವು ಈಗ್ ಯೋಳುದ್ದು ನಂಗ್ ಅರ್ಥ ಆಯ್ತು. ನಾನೂ ಅದೇ ಜನ," ಅಂದ ಮರಿಸಿದ್ದಯ್ಯ. "ಮಳವಳ್ಳಿಗೆ ಬ್ಯಾರೆಯವ್ರನ್ನ ನೋಡ್ಕತೀನಿ ಬುಡಿ."

ಆಮೇಲೆ ಪಂಚೆ ಎತ್ತಿಕಟ್ಟಿ, ಕುಕ್ಕರಗಾಲಿನಲ್ಲಿ ಕೂತು, ನೆಂದ ರಟ್ಟನ್ನು ಪದರ ಪದರವಾಗಿ ಬಿಡಿಸತೊಡಗಿದ. ಅಂಕಮ್ಮನೂ ಪಕ್ಕದಲ್ಲಿ ಕೂತು ಅಲೆಗಳ ಮೇಲೆ ಬೆರಳಾಡಿಸಿದಳು. ವರದರಾಜ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.