ಕಾಗೆಗೆ ಬಹುವಚನ

ಜ್ಯೋತ್ಸ್ನಾ ವಿಟ್ಬಿಯಿಂದ ಬಂದು ಕೆಲಸಕ್ಕೆ ಸೇರಿದ ದಿನವೇ ನನ್ನ ಹೊಟ್ಟೆ ಉರಿಯಲು ಶುರುವಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೆನಡಾದ ನ್ಯೂಮಾರ್ಕೆಟ್ ಊರಿನಿಂದ ಉತ್ತರಕ್ಕೆ, ಹಳೆಯ ಕುದುರೆಲಾಯದಲ್ಲಿ ಗಾಯಗೊಂಡ ಕಾಡುಪ್ರಾಣಿಗಳನ್ನು ಸಾಕುವ ನಮ್ಮ ಕೇಂದ್ರದಲ್ಲಿ ವರ್ಷಗಟ್ಟಲೆ ಪಂಜರ ತೊಳೆದವಳು ನಾನು. ರಕೂನ್ ಮರಿಗಳಿಗೆ ಹಾಲು ಕುಡಿಸಿದವಳು ನಾನು, ಗೂಬೆಗಳಿಗೆ ಇಲಿ ಕತ್ತರಿಸಿ ಹಾಕಿದವಳೂ ನಾನೇ. ಲಿಂಗಾಯತರ ಮನೆಯ ಹೆಣ್ಣುಮಗಳು ಇಲಿ ಕತ್ತರಿಸುವುದೆಂದರೆ ಸಣ್ಣ ಮಾತಲ್ಲ. ಧಾರವಾಡದಲ್ಲಿರುವ ನನ್ನ ತಂಗಿಗೆ ಇದನ್ನಿನ್ನೂ ಹೇಳಿಲ್ಲ.

ಈ ವರ್ಷ ಕೇಂದ್ರವನ್ನು ಜನರಿಗೆ ತೆರೆಯಬೇಕೆಂದು ನಿರ್ಧಾರವಾಯಿತು. ಲಾಯದ ಪಕ್ಕ ಹೊಸ ಕಟ್ಟಡ ಎದ್ದಿತು, ಗಾಜಿನ ಗೋಡೆ ಬಂತು, ವೀಲ್‌ಚೇರು ಹೋಗುವಂಥ ದಾರಿ ಬಂತು. ನೋಡಲು ಬಂದವರಿಗೆ ಪ್ರಾಣಿಗಳ ಬಗ್ಗೆ ಹೇಳಲು ಒಬ್ಬರು ಬೇಕಿತ್ತು. ಆ ಕೆಲಸ ನನಗೇ ಸಿಗುತ್ತದೆಂದು ಉದ್ಘಾಟನೆಗೆ ಇಳಕಲ್ ಸೀರೆ ಕೂಡ ತೆಗೆದಿಟ್ಟಿದ್ದೆ. ನಮ್ಮ ಮುಖ್ಯಸ್ಥೆ ಹೆದರ್, ಹೆಸರು ಹಾಗಿದ್ದರೂ ಯಾರಿಗೂ ಹೆದರದ ಹೆಂಗಸು, ಕಾಪು ಕಡೆಯ ಈ ಹುಡುಗಿಯನ್ನು ತಂದು ನಿಲ್ಲಿಸಿದಳು. ಅವಳು ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ಇಂಗ್ಲಿಷು ಎಲ್ಲಿಯೂ ತಡವರಿಸುವುದಿಲ್ಲ.

“ಗುರು, ನೀನಿಲ್ಲದಿದ್ದರೆ ಪಂಜರಗಳ ಗತಿಯೇನು?” ಎಂದು ಹೆದರ್ ಇಂಗ್ಲಿಷಿನಲ್ಲಿ ನನಗೆ ಬೆಣ್ಣೆ ಹಚ್ಚಿದಳು. ಗುರುಬಸವ್ವ ಎನ್ನಲು ಅವಳ ನಾಲಿಗೆ ಹೊರಳುವುದಿಲ್ಲ.

ಹೋಗಲಿ, ನನಗೆ ನನ್ನ ಕಾಗೆ ಇತ್ತು. ಚಳಿಗಾಲದಲ್ಲಿ ರೆಕ್ಕೆ ಮುರಿದುಕೊಂಡು ಬಂದಿತ್ತು. ವಾಪಸು ಕಾಡಿಗೆ ಬಿಡಬೇಕಾದ ಹಕ್ಕಿಯ ಮುಂದೆ ನಾವು ಮಾತಾಡುವಂತಿಲ್ಲ, ಮುಖ ತೋರಿಸುವಂತಿಲ್ಲ. ಬಿಡುವ ಮುಂಚೆ ಪರೀಕ್ಷೆ ಮಾಡುತ್ತಾರೆ. ಮನುಷ್ಯರ ದನಿಗೆ ಒಗ್ಗಿಕೊಂಡ ಹಕ್ಕಿಯನ್ನು ಹೊರಗೆ ಬಿಡುವುದಿಲ್ಲ, ಅದು ಗಾಜಿನ ಹಿಂದೆಯೇ ಆಯುಷ್ಯ ಕಳೆಯಬೇಕು. ನಾನು ಮುಖಕ್ಕೆ ಬೂದು ಬಟ್ಟೆ ಕಟ್ಟಿಕೊಂಡು, ತುಟಿ ಪಿಟಕ್ಕೆನ್ನದೆ ಅದನ್ನು ಸಾಕಿದೆ. ‘ಬಾರವಾ ನನ್ನ ಬಂಗಾರಾ’ ಎಂಬ ಮಾತು ಗಂಟಲವರೆಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಅದು ಹಾರಿಹೋಗುವ ದಿನ ನಾನೇ ಪಂಜರದ ಬಾಗಿಲು ತೆರೆಯಬೇಕೆಂಬುದೊಂದೇ ನನ್ನ ಆಸೆ.

ಏಪ್ರಿಲ್‌ನ ಒಂದು ಬೆಳಿಗ್ಗೆ ದೊಡ್ಡ ಪಂಜರದ ಹಿಂಭಾಗದಿಂದ ಜ್ಯೋತ್ಸ್ನಾಳ ದನಿ ಕೇಳಿತು. “ಬಲೆ! ಬಲೆ!”

ನಮ್ಮ ಕಡೆ ಬಲೆಗೆ ಬಲಿ ಎನ್ನುತ್ತೇವೆ. ಕರಾವಳಿಯವರದು ಪುಸ್ತಕದ ಕನ್ನಡ ನೋಡಿ, ಬಲೆ ಎನ್ನುತ್ತಾಳೆ ಅಂದುಕೊಂಡೆ. ಅದರ ಮೇಲೆ ಎಷ್ಟು ದೌಲತ್ತು! ನಾನೇನು ಇವಳ ಆಳೇ? ಆದರೂ ಹಕ್ಕಿಗೆ ಏನೋ ಆಗಿದೆಯೆಂದು ಗಾಬರಿಯಾಗಿ, ಕೋಲಿಗೆ ಕಟ್ಟಿದ ಬಲೆ ಹಿಡಿದುಕೊಂಡು ಓಡಿದೆ. ಜಾಲರಿಯ ಹತ್ತಿರ, ಅವಳ ಮುಖದ ಎದುರಿಗೇ ನನ್ನ ಕಾಗೆ ಕುಳಿತಿತ್ತು. ಬಲೆ ಕಂಡದ್ದೇ ತಡ, ಬೆದರಿ ಮೂಲೆಗೆ ಹಾರಿತು.

“ತಗೋವಾ, ಬಲಿ. ಏನಾತು ಅದಕ್ಕ?”

“ಎಂತ ಅಕ್ಕಾ ನೀವು! ಬಲೆ ಯಾಕೆ ತಂದದ್ದು?”

“ನೀನ ಒದರಿದೆಲ್ಲಾ, ಬಲೆ ಬಲೆ ಅಂತ?”

ಅವಳು ಹಣೆ ಚಚ್ಚಿಕೊಂಡು ನಕ್ಕಳು. “ಅಯ್ಯೋ ಮಾರಾಯ್ರೆ, ತುಳುವಲ್ಲಿ ಬಲೆ ಅಂದ್ರೆ ಬನ್ನಿ ಅಂತ.”

“ಬನ್ನಿ? ಕಾಗಿಗೆ ಬಹುವಚನಾ?”

ಅವಳ ನಗು ನಿಂತಿತು. “ಜನವರಿಯಲ್ಲಿ ಅಮ್ಮ ಹೋದ್ರು ಅಕ್ಕಾ. ವೀಸಾ ಪೇಪರ್ಸ್ ಪ್ರಾಸೆಸ್ಸಲ್ಲಿತ್ತು, ಊರಿಗೆ ಹೋಗ್ಲಿಕ್ಕೆ ಆಗ್ಲಿಲ್ಲ. ಅದೇ ವಾರ ಈ ಕಾಗೆ ಇಲ್ಲಿಗೆ ಬಂದದ್ದಂತೆ, ಫೈಲಲ್ಲಿ ಉಂಟು. ನಾನು ಕರೆದ್ರೆ ಬರ್ತಾರೆ. ಪ್ಲೀಸ್, ಹೆದರ್ ಹತ್ರ ಹೇಳ್ಬೇಡಿ. ಟೆಸ್ಟಲ್ಲಿ ಫೇಲ್ ಆದ್ರೆ ಇಲ್ಲೇ ಇರ್ತಾರಲ್ಲ, ವಿಸಿಟರ್ಸ್ ಬಿಲ್ಡಿಂಗಲ್ಲಿ, ನನ್ನೊಟ್ಟಿಗೆ.”

ಕನಿಕರ ಬರಬೇಕಿತ್ತು. ಬಂತು ಕೂಡ, ಒಂದು ಗಳಿಗೆ. ಆಮೇಲೆ ಮೈಯೆಲ್ಲ ಉರಿ. ಚಳಿಗಾಲವಿಡೀ ಸಾಕಿದವಳು ನಾನು, ಅದು ಹೋಗಿ ಕೂತದ್ದು ಇವಳ ಎದುರಿಗೆ! ನಾನು ನುಂಗಿಕೊಂಡ ಮಾತನ್ನು ಇವಳು ಬಾಯ್ತುಂಬ ಆಡಿದಳು, ಗೆದ್ದಳು. ನನ್ನ ಜಾಗ ಹೋಯಿತು, ಈಗ ಕಾಗೆಯೂ ಹೋಯಿತು.

ಹೆದರ್‌ಗೆ ನಾನು ಚಾಡಿ ಹೇಳಲಿಲ್ಲ. ನನ್ನ ಕೈಯಲ್ಲಿ ಬಲೆ ಇತ್ತಲ್ಲ. ಅಂದಿನಿಂದ ನಾನು ಪಕ್ಕದ ಪಂಜರ ತೊಳೆಯುವ ನೆಪದಲ್ಲಿ ಅಲ್ಲೇ ಸುಳಿದಾಡಿದೆ. ಜ್ಯೋತ್ಸ್ನಾ ಕದ್ದು ಬಂದು “ಬಲೆ” ಎಂದಾಗಲೆಲ್ಲ, ಅವಳಿಗೆ ಕಾಣದ ಹಾಗೆ ಬಲೆ ಎತ್ತಿ ಕಾಗೆಗೆ ತೋರಿಸಿದೆ. ಕಾಗೆ ಜಾಣ ಹಕ್ಕಿ. ಮೇ ತಿಂಗಳು ಬರುವಷ್ಟರಲ್ಲಿ ತುಳು ಮರೆತು ಕನ್ನಡ ಕಲಿಯಿತು. ಆ ಶಬ್ದ ಕೇಳಿದರೆ ಸಾಕು, ಬಲೆ ಇರಲಿ ಬಿಡಲಿ, ದೂರದ ಮೂಲೆಗೆ ಓಡುತ್ತಿತ್ತು. ನಾನು ಒಳಗೊಳಗೇ ಹಿಗ್ಗಿದೆ.

ಪರೀಕ್ಷೆಯ ದಿನ ಹೆದರ್ ನಮ್ಮಿಬ್ಬರನ್ನೂ ಪಂಜರದ ಮುಂದೆ ನಿಲ್ಲಿಸಿದಳು. ಒಬ್ಬೊಬ್ಬರಾಗಿ ಹತ್ತಿರ ಹೋಗಿ ಕರೆಯಬೇಕು. ಹಕ್ಕಿ ಬಂದರೆ ಗಾಜಿನ ಮನೆ, ಓಡಿದರೆ ಬಿಡುಗಡೆ. ಜ್ಯೋತ್ಸ್ನಾ ಮುಂದೆ ಹೋಗಿ, ಮೆತ್ತಗೆ, “ಬಲೆ” ಎಂದಳು.

ಕಾಗೆ ಕಿರುಚಿಕೊಂಡು ಓಡಿತು.

“ಪರ್ಫೆಕ್ಟ್! ಗುರು, ಇದು ನಿನ್ನ ಕೆಲಸದ ಫಲ,” ಎಂದು ಹೆದರ್ ನನ್ನ ಸರದಿಗೂ ಕಾಯದೆ ಕೈ ಕುಲುಕಿದಳು. ಅವಳಿಗೆ ಗೊತ್ತಿಲ್ಲದಿದ್ದರೂ ಮಾತು ಸರಿಯಾಗಿಯೇ ಇತ್ತು.

ಮರುದಿನ ಮುಖಕ್ಕೆ ಬೂದು ಬಟ್ಟೆ ಕಟ್ಟಿಕೊಂಡು ಪಂಜರದ ಬಾಗಿಲು ತೆರೆದವಳು ನಾನೇ. ಕಾಗೆ ಬೇಲಿಯಾಚೆಯ ಮೇಪಲ್ ಮರಕ್ಕೆ ಹಾರಿ ಕುಳಿತು ಗರಿ ತಿದ್ದಿಕೊಂಡಿತು. ಹೆದರ್ ಚಪ್ಪಾಳೆ ತಟ್ಟಿ ಒಳಗೆ ಹೋದಳು. ನಾನು ಬಯಸಿದ್ದೆಲ್ಲ ನನಗೆ ಸಿಕ್ಕಿತ್ತು. ಆಗ ಜ್ಯೋತ್ಸ್ನಾ ಟಿಫಿನ್ ಡಬ್ಬಿಯಿಂದ ಒಂದು ಹಿಡಿ ಕುಚ್ಚಲಕ್ಕಿ ಅನ್ನ ತೆಗೆದು ಬೇಲಿಯ ಕಂಬದ ಮೇಲಿಟ್ಟು, “ಬಲೆ” ಎಂದಳು. ಕಾಗೆ ಇನ್ನೂ ಮೇಲಿನ ಕೊಂಬೆಗೆ ಹೋಯಿತು. ಅವಳು ಮತ್ತೆ ಕರೆದಳು. ಅದು ಮತ್ತೂ ಮೇಲೆ ಹೋಯಿತು.

“ಅಮ್ಮನಿಗೆ ನನ್ನ ಮೇಲೆ ಕೋಪ ಅಕ್ಕಾ,” ಎಂದಳು. “ಕಡೆಗೆ ಮುಖ ನೋಡ್ಲಿಕ್ಕೂ ಹೋಗ್ಲಿಲ್ಲ ಅಲ್ವಾ ನಾನು. ಅದಕ್ಕೇ ಅನ್ನ ಮುಟ್ಟುದಿಲ್ಲ.”

ಕಾಗೆ ಅನ್ನ ಮುಟ್ಟದಿದ್ದರೆ ಏನೆಂದುಕೊಳ್ಳುತ್ತಾರೆಂದು ನಮ್ಮೂರಿನಲ್ಲಿ ಬೆಳೆದ ನನಗೂ ಗೊತ್ತು. ನಾನು ಹೆದರಿಸಿದ್ದು ಒಂದು ಹಕ್ಕಿಯನ್ನು ಎಂದುಕೊಂಡಿದ್ದೆ.

“ಸಿಟ್ಟಲ್ಲವಾ ಅದು. ನೀ ಕರದಾಗೊಮ್ಮೆ ನಾ ಹಿಂದಿಂದ ಬಲಿ ತೋರಿಸೀನಿ. ಅದಕ್ಕ ಆ ಶಬ್ದ ಕೇಳಿದ್ರ ಅಂಜತೈತಿ.”

“ಬೇಕಂತಲೇ ಮಾಡಿದ್ದಾ?”

“ಹೂಂ.”

“ಯಾಕೆ ಅಕ್ಕಾ?”

“ಅದು ನಿನ್ನ ಕಡೆ ಬಂತಲ್ಲ, ಅದಕ್ಕ.”

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳ ಗುಳಿಯಿಲ್ಲದ ಕೆನ್ನೆ ಒದ್ದೆಯಾಗಿತ್ತು.

“ಆ ಶಬ್ದ ಬಿಡು,” ಎಂದೆ. “ಅಮ್ಮಾ ಅಂತ ಕರಿ. ಮತ್ತ... ನಾ ಇಲ್ಲೇ ನಿಂತ್ರ ಅದು ಬರೂದಿಲ್ಲ.”

ಪಾರ್ಕಿಂಗ್ ಲಾಟಿನತ್ತ ನಡೆದೆ. ಕತ್ತು ತಿರುಗಿಸದಿರಲು ಹಲ್ಲು ಕಚ್ಚಬೇಕಾಯಿತು. ಹಿಂದೆ “ಅಮ್ಮಾ” ಎಂಬ ಕೂಗು ಕೇಳಿತು. ಮತ್ತೊಮ್ಮೆ ಕೂಗು. ಆಮೇಲೆ ರೆಕ್ಕೆಯ ಸದ್ದು, ಅದರ ಬೆನ್ನಿಗೇ ಅವಳ ದನಿ, ಅಳುವೋ ನಗುವೋ ತಿಳಿಯದಂಥದ್ದು: “ಬತ್ತೆರ್! ಬತ್ತೆರ್!”

ತುಳು ನನಗೆ ಬರುವುದಿಲ್ಲ. ಆದರೂ ಬಂತು ಎಂದಲ್ಲ, ಬಂದರು ಎಂದಳೆಂದು ತಿಳಿಯಿತು. ಹೊಟ್ಟೆ ಮತ್ತೆ ಉರಿಯಿತು, ಸುಳ್ಳೇಕೆ ಹೇಳಲಿ. ಕಾರಿನೊಳಗೆ ಕುಳಿತು, ಕಿಟಕಿ ಏರಿಸಿ, ಬೂದು ಬಟ್ಟೆಯನ್ನು ಮುಖದಿಂದ ಬಿಚ್ಚಿ, ಯಾರಿಗೂ ಕೇಳದ ಹಾಗೆ ಮೊದಲ ಸಲ ಹೇಳಿದೆ: “ಬಾರವಾ ನನ್ನ ಬಂಗಾರಾ.”