ಗುಬ್ಬಿಯ ಕಕಾರ

ನಮ್ಮ ಗುಬ್ಬಿಗೆ ಐದು ತುಂಬಿದರೂ ‘ಕ’ ಬರಲಿಲ್ಲ, ‘ಗ’ ಬರಲಿಲ್ಲ. ಕಾಗೆ ‘ತಾದೆ’, ಕೋಳಿ ‘ತೋಳಿ’, ಅವಳೇ ‘ದುಬ್ಬಿ’. ಮೊದಮೊದಲು ಮನೆಮಂದಿಯೆಲ್ಲ ನಗುತ್ತಿದ್ದೆವು. “ನಿನ್ನ ಗಂಡನೂ ಹೀಗೇ ತೊದಲ್ತಿದ್ದ ಕಣೇ, ಈಗ ಅವನ ಬಾಯಿ ಮುಚ್ಚಿಸೋಕಾಗುತ್ತಾ?” ಅನ್ನುತ್ತಿದ್ದರು ನಮ್ಮತ್ತೆ. ಶಾಲೆಯ ಟೀಚರ್ ಮಾತ್ರ ನಗಲಿಲ್ಲ. “ಇವಳು ಹೇಳೋದು ನನಗೂ ತಿಳಿಯಲ್ಲ, ಮಕ್ಕಳಿಗೂ ತಿಳಿಯಲ್ಲ. ಅಣಕಿಸ್ತಾರೆ, ಇವಳು ಮೂಲೆ ಹಿಡಿದು ಕೂತುಬಿಡ್ತಾಳೆ. ಹೀಗೇ ಆದ್ರೆ ಒಂದನೇ ಕ್ಲಾಸಿಗೆ ಕಳಿಸೋದು ಕಷ್ಟ,” ಅಂದುಬಿಟ್ಟರು.

ನನ್ನ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ಯಂತ್ರಗಳ ಅಬ್ಬರಕ್ಕೆ ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಬಿಟ್ಟರೂ ಕೇಳಿಸುವುದಿಲ್ಲ. ಹುಬ್ಬು ಹಾರಿಸಿದರೆ ‘ಹೊದಿಕೆ ತಾ’, ಬೆರಳು ತಿರುಗಿಸಿದರೆ ‘ಕಲೆ ಹೋಗಿಲ್ಲ, ಇನ್ನೊಂದ್ಸಲ ಒಗಿ’. ಸಂಜೆ ಮನೆ ಸೇರುವಷ್ಟರಲ್ಲಿ ಮೈಕೈಯೆಲ್ಲ ಹಣ್ಣಾಗಿರುತ್ತಿತ್ತು. ಆಗ ಮಾತು ಯಾರಿಗೆ ಬೇಕು? ಗುಬ್ಬಿ ಲೋಟದ ಕಡೆ ನೋಡಿದರೆ ಸಾಕು, ನೀರು ಕೊಡುತ್ತಿದ್ದೆ. ‘ತ’ ಅನ್ನುವಷ್ಟರಲ್ಲಿ ಕಂಬಳಿ ಹೊದಿಸುತ್ತಿದ್ದೆ.

ಕೊನೆಗೆ ನಮ್ಮ ಆಸ್ಪತ್ರೆಯಲ್ಲೇ ಮಕ್ಕಳಿಗೆ ಮಾತು ಕಲಿಸುವ ಮೇಡಂ ಹತ್ತಿರ ಅವಳನ್ನು ಕರೆದುಕೊಂಡು ಹೋದೆ. ಅವರು ಎಲ್ಲ ಕೇಳಿಸಿಕೊಂಡು, “ಅವಳಿಗೆ ಮಾತಾಡೋ ಕೆಲಸಾನೇ ನೀವು ಇಟ್ಟಿಲ್ಲಮ್ಮ,” ಅಂದರು. ನಾಲಿಗೆಯ ತುದಿ ಕೆಳಗೆ ಒತ್ತಿ ಗಂಟಲ ಹತ್ತಿರದಿಂದ ‘ಕ್’ ಹೊರಡಿಸುವುದನ್ನು ತೋರಿಸಿಕೊಟ್ಟರು. “ಇನ್ನು ಸ್ವಲ್ಪ ದಿನ ಮನೇಲಿ ಅರ್ಥ ಆಗದವರ ಹಾಗೇ ಇರಿ. ತಾನಾಗೇ ಪ್ರಯತ್ನ ಪಡ್ತಾಳೆ.”

ಅತ್ತೆಗೆ ಹೇಳಿದೆ. “ಅಯ್ಯೋ, ನನ್ನ ಕೈಲಾಗಲ್ಲಮ್ಮ. ಆ ಪಾಪ ನೀನೇ ಕಟ್ಕೋ,” ಅಂತ ಎದ್ದು ಒಳಗೆ ಹೋದರು. ಸರಿ, ಎಲ್ಲ ನನ್ನ ತಲೆಗೇ ಬಂತು.

ಮೊದಲ ದಿನವೇ ಗುಬ್ಬಿ ಬಣ್ಣದ ಹಾಳೆ ಹಿಡಿದುಕೊಂಡು ಬಂದಳು. “ಅಮ್ಮ, ತತ್ತರಿ.”

“ಏನಮ್ಮ?”

“ತತ್ತರಿ!”

“ತಿಳೀಲಿಲ್ಲ ಕಂದ.”

ಕತ್ತರಿ ನನ್ನ ಮೊಣಕೈ ಪಕ್ಕದಲ್ಲೇ ಬಿದ್ದಿತ್ತು. ಅವಳು ಬೆರಳಾಡಿಸಿ ತೋರಿಸಿದಳು. ಲಾಂಡ್ರಿಯಲ್ಲಿ ಯಾರ ಬೆರಳು ಅಲ್ಲಾಡಿದರೂ ಓಡುವ ನಾನು ಮುಖ ತಿರುಗಿಸಿ ಕೂತೆ. ಅತ್ತು ಅತ್ತು ಬಿಕ್ಕಳಿಕೆ ಬಂತು ಕೂಸಿಗೆ. ಇದೂ ಒಂದು ಪಾಠವಾ, ಯಾವನಿಗೆ ಬೇಕು ಈ ಹಾಳು ‘ಕ’ ಅನ್ನಿಸಿತು. ಆದರೆ ಶಾಲೆಯ ಆ ಮೂಲೆ ಕಣ್ಣಿಗೆ ಕಟ್ಟಿದಂತಾಗಿ ಹಲ್ಲು ಕಚ್ಚಿಕೊಂಡೆ.

ಸ್ವಲ್ಪ ದಿನಕ್ಕೆ ಅವಳು ಅಳುವುದನ್ನು ಬಿಟ್ಟಳು. ಹತ್ತಿರ ಬಂದು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ದೊಡ್ಡ ದನಿಯಲ್ಲಿ “ಅಮ್ಮಾ, ಬಾ... ದಿ... ಲು” ಅನ್ನತೊಡಗಿದಳು. ನಾನು ಬಾಗಿಲು ತೆಗೆಯದಿದ್ದರೆ ಕೆನ್ನೆ ಸವರಿ, ಸ್ಟೂಲು ಎಳೆದು ತಾನೇ ಚಿಲಕ ತೆಗೆಯುತ್ತಿದ್ದಳು. ಎಲಾ ಇವಳಾ, ಜಾಣೆ ಆಗ್ತಿದ್ದಾಳೆ ಅಂದುಕೊಂಡೆ.

ಮುಂದಿನ ಸಲ ಮೇಡಂ ಹತ್ತಿರ ಹೋದಾಗ ಗುಬ್ಬಿ ನನ್ನನ್ನು ಎಳೆದುಕೊಂಡು ಹೋಗಿ, ತಾನು ಕೂರುವ ಪುಟ್ಟ ಕುರ್ಚಿಯ ಮೇಲೆ ಕೂರಿಸಿದಳು. ಮೇಡಂ ಕಡೆ ತಿರುಗಿ, “ಅಮ್ಮನ ತಿವಿ ತೇಳಲ್ಲ,” ಅಂದಳು.

“ಏನು ಪುಟ್ಟಿ?” ಹೇಳಿಕೊಡಬೇಡಿ ಅಂತ ಮೇಡಂ ನನಗೆ ಕಣ್ಸನ್ನೆ ಮಾಡಿದರು.

ಗುಬ್ಬಿ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಬಾಯೊಳಗೆ ಬೆರಳಿಟ್ಟು ನಾಲಿಗೆ ಒತ್ತಿ ಹಿಡಿದಳು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು.

“ಅಮ್ಮನ ಕ್... ಕ್... ಕಿವಿ. ಕ್... ಕೇಳಲ್ಲ. ಔಷಧಿ ಇಲ್ವಾ?”

ಮೇಡಂ ಚಪ್ಪಾಳೆ ತಟ್ಟಿದರು. ನಾನು ಕುಣಿದಾಡಬೇಕಿತ್ತು. ಆಗಲಿಲ್ಲ. ಅವಳನ್ನು ಬಾಚಿ ತಬ್ಬಿಕೊಂಡು, “ಕೇಳುತ್ತೆ ಕಣೇ ಕಂದ, ಮೊದಲಿಂದಾನೂ ಕೇಳ್ತಿತ್ತು,” ಅಂದುಬಿಟ್ಟೆ.

“ಎಲ್ಲಾನೂ?”

“ಹೂಂ.”

ಅವಳು ನನ್ನ ತೋಳು ಬಿಡಿಸಿಕೊಂಡಳು. ಮನೆಗೆ ಬರುವವರೆಗೂ ನನ್ನ ಕೈ ಹಿಡಿಯದೆ ಮುಂದೆ ಮುಂದೆ ನಡೆದಳು.

ಗುಬ್ಬಿ ಈಗ ಒಂದನೇ ಕ್ಲಾಸು. ಟೀಚರಿಗೂ ಖುಷಿ, ಅತ್ತೆಯಂತೂ ಸಿಕ್ಕಸಿಕ್ಕವರ ಮುಂದೆ ಕೊಚ್ಚಿಕೊಳ್ಳುತ್ತಾರೆ. ನಿದ್ದೆ ಬಂದಾಗ ಮಾತ್ರ ನಾಲಿಗೆ ಹಳೇ ದಾರಿ ಹಿಡಿಯುತ್ತದೆ. ಅಜ್ಜಿಯ ಮಡಿಲಲ್ಲಿ ಮುದುರಿಕೊಂಡು “ತತೆ ಹೇಳು” ಅನ್ನುತ್ತಾಳೆ. ನಾನು ಹೋದರೆ ಎದ್ದು ಕೂರುತ್ತಾಳೆ. ನಾಲಿಗೆ ಸರಿಮಾಡಿಕೊಂಡು, ಹೊರಗಿನವರ ಹತ್ತಿರ ಮಾತಾಡುವ ಹಾಗೆ ಬಿಡಿಸಿ ಬಿಡಿಸಿ, “ಅಮ್ಮ, ಕತೆ ಹೇಳು,” ಅನ್ನುತ್ತಾಳೆ. ಒಂದು ಸಲವೂ ತಪ್ಪುವುದಿಲ್ಲ.